ಅಂದಾಜಿನ ಅಕ್ಕೋರು

ಅಕ್ಕೋರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಎಷ್ಟು ಜನ ಆಗಬಹುದು ಎಂದು ಅಡಿಗೆಭಟ್ಟರು ಕೇಳಿದಾಗ ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕೋರ ಅಣ್ಣನ ಮಗ, ಸಿದ್ದಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಮೊದಲು "ರಾಶಿ ಜನ ಆಗ್ತು" ಎಂದ. ಭಟ್ಟರು ದೊಡ್ಡ ಪಾತ್ರೆಯ ಕಡೆ ತಿರುಗಿದ್ದೇ ತಡ, ಹೆದರಿ "ಅಷ್ಟೆಲ್ಲ ಆಗ್ತಿಲ್ಲೆ" ಎಂದ. ಭಟ್ಟರು ಸೌಟು ಕೆಳಗಿಟ್ಟರು. ಆಗ ಎಲ್ಲರೂ ನನ್ನ ಕಡೆ ತಿರುಗಿದರು. "ನೀನೇ ಹೇಳು. ಅತ್ತೆಯ ಶಿಷ್ಯೆ ಅಲ್ದ ನೀನು?" ಎಂದ ಅಣ್ಣನ ಮಗ.

ಶಿಷ್ಯೆ ಎಂದ ಮೇಲೆ ಬಿಡುವಂತಿಲ್ಲ. ಬೀದಿಯವರು ಇಷ್ಟು, ನೆಂಟರು ಇಷ್ಟು, ಜೊತೆಗೆ ಕೆಲಸ ಮಾಡಿದ ಮಾಸ್ತರುಗಳು ಇಷ್ಟು, ಕಲಿತ ಮಕ್ಕಳಲ್ಲಿ ಊರಲ್ಲೇ ಉಳಿದವರು ಇಷ್ಟು ಎಂದು ಬೆರಳು ಮಡಚಿ, ಇನ್ನೂರು ಎಂದು ಹೇಳಿ ಬಾಯಿ ಮುಚ್ಚಿದೆ. ಬಂದವರು ಮುನ್ನೂರರ ಮೇಲೆ. ಅಕ್ಕೋರಿಂದ ಕಿವಿ ಹಿಂಡಿಸಿಕೊಂಡ ಮಕ್ಕಳು ಮಾತ್ರ ಬರುತ್ತಾರೆ ಎಂದು ನಾನು ಹಿಡಿದಿದ್ದೆ. ಅವರ ಜೊತೆ, ಮಕ್ಕಳಿಗೆ ಲೆಕ್ಕ ಬಾರದ್ದಕ್ಕೆ ಅಕ್ಕೋರಿಂದ ಬೈಸಿಕೊಂಡಿದ್ದ ಅವರ ತಾಯಂದಿರೂ ಬಂದಿದ್ದರು. ಕೊನೆಯ ಪಂಕ್ತಿಗೆ ಪಾಯಸ ಮುಟ್ಟಲಿಲ್ಲ. ಅಣ್ಣನ ಮಗ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಅಕ್ಕೋರು ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. "ಲೆಕ್ಕ ಸರಿ ಇತ್ತು, ಜನ ತಪ್ಪಿ ಬಂದಿದ್ದು." ತಮ್ಮ ಅಂದಾಜು ತಪ್ಪಿದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಅದು, ಮತ್ತು ಅವರ ಅಂದಾಜು ತಪ್ಪುವುದು ಅಪರೂಪವೇನೂ ಆಗಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸರೆಲ್ಲ ಮಾಸ್ತರು, ಹೆಂಗಸರೆಲ್ಲ ಅಕ್ಕೋರು. ಹಾಗಾಗಿ ಅವರ ಹೆಸರು ಇಲ್ಲಿ ಬೇಕಾಗುವುದಿಲ್ಲ. ಯಲ್ಲಾಪುರದ ಕಡೆಯ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಗಣಿತ ಕಲಿಸಿ, ಶಿರಸಿ ಹತ್ತಿರದ ಇಸಳೂರಿನಲ್ಲಿ ಪುಟ್ಟ ಮನೆ ಕಟ್ಟಿಸಿಕೊಂಡು ಒಬ್ಬರೇ ಇದ್ದರು. ಪಕ್ಕದ ಮನೆ ನನ್ನ ತಮ್ಮನದು. ನಡುವೆ ದಾಸವಾಳದ ಬೇಲಿ. ಅಕ್ಕೋರು ಕುಳ್ಳಗೆ, ಗುಂಡಗೆ, ಕನ್ನಡಕವನ್ನು ಕಣ್ಣಿಗಿಂತ ಹೆಚ್ಚು ಹೊತ್ತು ತಲೆಯ ಮೇಲೇ ಇಟ್ಟುಕೊಂಡವರು. ಮಾತಾಡುವಾಗ ಗಾಳಿಯಲ್ಲಿ ಬರೆಯುತ್ತಿದ್ದರು. ಬರೆದದ್ದು ತಪ್ಪೆನಿಸಿದರೆ ಅಂಗೈಯಿಂದ ಗಾಳಿಯನ್ನೇ ಒರೆಸಿ, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೂ ಅವರದು ಗಾಳಿಯ ಮೇಲಿನ ಉತ್ತರವೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ವಯಸ್ಸಿಗೆ ಬಂದ ಗಂಡುಗಳನ್ನು ಮೊದಲು ಬರೆಯುವುದು. ಅದರಲ್ಲಿ ಜಾತಕ ಕೂಡದವರನ್ನು ಕಳೆಯುವುದು. ಹೆಂಡತಿ ಕೆಲಸಕ್ಕೆ ಹೋಗಬಾರದು ಎನ್ನುವವರನ್ನು ಕಳೆಯುವುದು. ಹೋಗಲಿ ಎಂದರೂ ಯಾರ ತಾಯಿ ಬೇಡ ಎನ್ನುತ್ತಾಳೋ ಅಂಥವರನ್ನು ಕಳೆಯುವುದು. ಕೊನೆಗೆ, ತಪ್ಪು ಹೇಳಿದಾಗ ಎದುರಿಗೇ ತಿದ್ದಿದರೆ ಸಹಿಸಿಕೊಳ್ಳುವವರು ನೂರಕ್ಕೊಬ್ಬ ಎಂದು ಭಾಗಿಸುವುದು. "ಕಡೆಗೆ ಅರ್ಧ ಗಂಡು ಉಳತ್ತು ನೋಡು. ಅರ್ಧ ತಗಂಡು ಆನು ಎಂತ ಮಾಡ್ಲಿ?"

ಇನ್ನು ನನ್ನ ಕತೆ. ಗಂಡನ ಮನೆಯ ಋಣ ಹರಿದುಕೊಂಡು, ಬಟ್ಟೆಬರೆ ಕಟ್ಟಿಕೊಂಡು ನಾನು ತಮ್ಮನ ಮನೆಗೆ ಬಂದಿದ್ದೆ. ಮೂವತ್ತು ದಾಟಿತ್ತು. ತಮ್ಮನ ಹೆಂಡತಿ ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಅವಳು ತೀರಾ ಒಳ್ಳೆಯವಳು. ನನಗೆ ಮೊದಲು ಬಡಿಸುವಳು. "ಚೂರು ಬಡಸ್ಲಾ ಅಕ್ಕಯ್ಯ?" ಎಂದು ನೆಂಟರಿಗೆ ಕೇಳಿದ ಹಾಗೆ ಕೇಳುವಳು. ಲೋಟ ತೊಳೆಯಹೋದರೆ ಕೈಯಿಂದ ಕಸಿದುಕೊಳ್ಳುವಳು. ಹುಟ್ಟಿದ ಮನೆಯವರ ಎದುರಿಗೇ ನೆಂಟಳಾಗಿ ಬದುಕುವುದು ಎಷ್ಟು ಕಷ್ಟ ಎಂದು ಬದುಕಿದವರಿಗೇ ಗೊತ್ತು. ನನಗೆ ಬೇಕಾಗಿದ್ದದ್ದು ಒಂದು ಕೆಲಸ, ಒಂದು ಬಾಡಿಗೆ ಕೋಣೆ, ನಾನೇ ತೊಳೆದಿಡಬಹುದಾದ ನಾಲ್ಕು ಪಾತ್ರೆ.

ಮೊದಲ ಸಂದರ್ಶನ ಹುಬ್ಬಳ್ಳಿಯಲ್ಲಿ, ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ಒಂದು ಕಂಪನಿಯಲ್ಲಿ. ನಾನು ಓದಿದ್ದನ್ನೆಲ್ಲ ಉರುಹೊಡೆದು ಹೋಗಿದ್ದೆ. ಟೈ ಕಟ್ಟಿದ ಸಣ್ಣ ವಯಸ್ಸಿನ ಸಾಹೇಬರು ನಗುನಗುತ್ತಾ ಕೇಳಿದರು.

"ಶಿರಸಿಯವರಲ್ವಾ? ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಎಷ್ಟು ಕಪ್ ಚಹಾ ಖರ್ಚಾಗುತ್ತೆ? ಅಂದಾಜು ಹೇಳಿ ಸಾಕು."

"ರಾಶಿ ಹೋಗ್ತದೆ ಸರ್."

"ಅಂದರೆ?"

"ಮೊದಲಿನಷ್ಟು ಇಲ್ಲ."

"ಸರಿ, ಈಗ ಎಷ್ಟು?"

"ಅದು ಮಳೆಗಾಲ, ಬೇಸಿಗೆ ನೋಡಿ ಹೇಳಬೇಕು ಸರ್."

"ಬೇಸಿಗೆ ಅಂತಲೇ ಇಟ್ಕೊಳ್ಳಿ."

"ಬೇಸಿಗೆಯಲ್ಲಿ ಚೂರು ಕಮ್ಮಿ."

ಅಲ್ಲಿಗೆ ಮುಗಿಯಿತು. ಬೇಲಿಯ ಹತ್ತಿರ ನಿಂತು ಸಿಟ್ಟಿನಿಂದ ತಮ್ಮನ ಹೆಂಡತಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಚಹಾ ಎಷ್ಟು ಹೋದರೆ ಇವರಿಗೇನಂತೆ, ಇವರೇನು ಹಾಲು ಕೊಡುತ್ತಾರೆಯೇ ಎಂದೆಲ್ಲ ಹಾರಾಡಿದೆ. ದಾಸವಾಳದ ಆಚೆ ಒಂದು ತಲೆ, ಅದರ ಮೇಲೆ ಕನ್ನಡಕ ಕಾಣಿಸಿತು. ಅಕ್ಕೋರ ಮುಖ ಹಬ್ಬದ ದಿನದ ಮಕ್ಕಳ ಮುಖದ ಹಾಗೆ ಅರಳಿತ್ತು.

"ಎಂಥಾ ಚೊಲೋ ಪ್ರಶ್ನೆ ಕೇಳಿದ್ದ ಅವ! ನೀ ಎಂತಕ್ಕೆ ಬಿಟ್ಟಿಕ್ಕೆ ಬಂದೆ?"

ಅವರ ದುಃಖವೇ ಬೇರೆ ಇತ್ತು. ಜೀವಮಾನವಿಡೀ ಒಂದೇ ತೊಟ್ಟಿಯ ಲೆಕ್ಕ ಕಲಿಸಿದ್ದರು. ಒಂದು ನಲ್ಲಿ ನೀರು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. "ಯಾವ ಮಳ್ಳ ತುಂಬಸ್ತಾ ಖಾಲಿ ಮಾಡ್ತಾ ಕೂರ್ತ, ಹೇಳು? ಮಕ್ಕ ಕೇಳಿದ್ರೆ ಎಂಗೆ ಉತ್ತರ ಇರ್ತಿತ್ತಿಲ್ಲೆ." ಚಹಾದ ಲೆಕ್ಕ ಅವರಿಗೆ ನಿಜವಾದ ಲೆಕ್ಕ ಎನಿಸಿತು. ಬೇಲಿಯ ಮೇಲೆಯೇ ಗಾಳಿಗೆ ಬರೆಯತೊಡಗಿದರು. ಬಸ್ಸು ಇಷ್ಟು, ಇಳಿಯುವವರು ಇಷ್ಟು, ಅದರಲ್ಲಿ ಮನೆಗೆ ಹೋಗಿ ಕುಡಿಯುವವರನ್ನು ಕಳೆ. ಡ್ರೈವರ್ ಕಂಡಕ್ಟರಿಗೆ ಎರಡು ಸಲ. ಹಳ್ಳಿಯ ಬಸ್ಸಿಗೆ ಕಾಯುವವರಿಗೂ ಎರಡು ಸಲ, ಯಾಕೆಂದರೆ ಆ ಬಸ್ಸು ಒಂದು ಚಹಾದಲ್ಲಿ ಬರುವುದಿಲ್ಲ. ನನ್ನ ತಮ್ಮನ ಹೆಂಡತಿ ಕುಕ್ಕರ್ ಕೂಗಿದ್ದನ್ನೂ ಮರೆತು ನಿಂತು ಕೇಳಿದಳು.

ಅಂದಿನಿಂದ ಸಂಜೆ ಸಂಜೆ ಅಕ್ಕೋರ ಜಗುಲಿಯಲ್ಲಿ ಪಾಠ. ಅದು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು, ಅವರು ಎರಡು ತಟ್ಟೆ ಇಡುತ್ತಿದ್ದರು. ತಮ್ಮನ ಮನೆಯ ಉಪಚಾರದಿಂದ ಒಂದು ಹೊತ್ತಾದರೂ ಪಾರಾದೆ ಎಂದು ನಾನು ಸುಮ್ಮನೆ ಕೂತು ಉಣ್ಣುತ್ತಿದ್ದೆ. ಇಲ್ಲಿ ಲೋಟ ನಾನೇ ತೊಳೆಯಬೇಕಿತ್ತು. ಸರಿಯಾಗಿ ತೊಳೆಯದಿದ್ದರೆ ಬೈಗುಳವೂ ಇತ್ತು.

ನನ್ನ ರೋಗ ಯಾವುದೆಂದು ಅಕ್ಕೋರು ಬೇಗ ಕಂಡುಹಿಡಿದರು. "ನಮ್ಮವ್ಕೆ ಲೆಕ್ಕ ಬತ್ತಿಲ್ಲೆ ಹೇಳಿ ಅಲ್ಲ ತಂಗಿ. ಬಾಯಿಬಿಟ್ಟು ಹೇಳಲೆ ಹೆದ್ರಿಕೆ." ನಿಜವೇ. ನಮ್ಮ ಕಡೆ ಯಾರನ್ನಾದರೂ ಈ ವರ್ಷ ಅಡಿಕೆ ಫಸಲು ಎಷ್ಟು ಎಂದು ಕೇಳಿ ನೋಡಿ. "ಎಂತೂ ಇಲ್ಲೆ ಮಾರಾಯ, ಕೊಳೆ ಬಂದು ಹೋತು" ಎನ್ನುತ್ತಾರೆ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹರವಿರುತ್ತದೆ, ಕೇಳಿದವನು ಅದನ್ನು ದಾಟಿಕೊಂಡೇ ಬಂದಿರುತ್ತಾನೆ. ಬಳ್ಳಿಯ ಮಿಡಿಸೌತೆಯನ್ನು ಬೆರಳು ಮಾಡಿ ಎಣಿಸಿದರೆ ಕೊಳೆಯುತ್ತದೆ ಎಂದು ನಾವು ಮಾತು ಕಲಿಯುವ ಮೊದಲೇ ಕಲಿತಿರುತ್ತೇವೆ. ಊಟಕ್ಕೆ ಕೂತವರನ್ನು ಎಣಿಸಬಾರದು. ಹೆಚ್ಚು ಹೇಳಿದರೆ ದೃಷ್ಟಿ, ಸರಿಯಾಗಿ ಹೇಳಿದರೆ ಸಾಲ ಕೇಳಲು ಯಾರೋ ಬರುತ್ತಾರೆ. ಹಾಗಾಗಿ ನಮ್ಮಲ್ಲಿ ಇರುವುದು ಎರಡೇ ಸಂಖ್ಯೆ. ಬೇರೆಯವರದು ರಾಶಿ, ನಮ್ಮದು ಚೂರು.

ಇದನ್ನು ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ ಅಕ್ಕೋರನ್ನೇ ಒಮ್ಮೆ ಬೀದಿಯವರು ಕೇಳಿದರು, "ಅಕ್ಕೋರೆ, ನಿಮ್ಮ ಹಿತ್ತಲಲ್ಲಿ ಈ ಸಲ ಕುಂಬಳಕಾಯಿ ಎಷ್ಟಾತು?" ಅಕ್ಕೋರು ಒಂದು ಕ್ಷಣವೂ ತಡೆಯಲಿಲ್ಲ. "ಎಂತೂ ಇಲ್ಲೆ, ಮಂಗ ಬಿಟ್ರೆ ಅಲ್ದ!" ಒಳಗೆ ಮಂಚದ ಕೆಳಗೆ ಕುಂಬಳಕಾಯಿಗಳು ಒಂದನ್ನೊಂದು ಒತ್ತಿಕೊಂಡು ಮಲಗಿದ್ದವು. ನಾನು ಅವರ ಮುಖ ನೋಡಿದೆ. ಅವರು ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿಕೊಂಡು ಗಂಭೀರವಾದರು. "ಆನು ಸಂದರ್ಶನಕ್ಕೆ ಹೋಗ್ತ್ನಿಲ್ಲೆ. ನೀ ಹೋಗ್ತೆ."

ಸ್ವಲ್ಪ ದಿನಕ್ಕೆ ಬನವಾಸಿ ಕಡೆಯ ಒಬ್ಬ ಹುಡುಗಿ ಜೊತೆಗೆ ಸೇರಿದಳು. ಬ್ಯಾಂಕಿನ ಪರೀಕ್ಷೆ ಬರೆಯುವವಳು, ಶಿರಸಿಯಲ್ಲಿ ಹಾಸ್ಟೆಲಿನಲ್ಲಿದ್ದಳು. ಅವಳ ರೋಗ ನನ್ನದಕ್ಕೆ ತದ್ವಿರುದ್ಧ. ಶಿರಸಿಯಲ್ಲಿ ಕನ್ನಡಕ ಎಷ್ಟಿವೆ ಎಂದು ಅಕ್ಕೋರು ಕೇಳಿದರೆ ಅವಳು ಕಣ್ಣು ಮಿಟುಕಿಸದೆ, "ಏನಿಲ್ಲಂದ್ರೂ ಐದ್ ಲಕ್ಷ ಅದಾವ್ರಿ ಅಕ್ಕೋರ" ಎಂದಳು.

"ಊರಲ್ಲಿಪ್ಪ ಜನಕ್ಕಿಂತ ಕನ್ನಡಕವೇ ಹೆಚ್ಚಾತಲ್ಲೇ!"

"ಒಬ್ಬೊಬ್ಬರ ಹತ್ರ ಎರಡೆರಡು ಇರ್ತಾವಲ್ರಿ."

ಅಕ್ಕೋರು ನನ್ನ ಕಡೆ ತಿರುಗಿದರು. "ನೀ ಹೇಳು."

"ನಮ್ಮನೆಯಲ್ಲಂತೂ ಯಾರೂ ಹಾಕ್ತ್ವಿಲ್ಲೆ" ಎಂದು ನಾನು ಶುರುಮಾಡಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ನನ್ನ ಮೂಗಿನ ಮೇಲೇ ಒಂದಿತ್ತು.

"ನಿಂಗಳಿಬ್ಬರನ್ನೂ ಕೂಡಿಸಿ ಭಾಗ ಮಾಡಿದ್ರೆ ಒಬ್ಬರಿಗಾದ್ರೂ ಕೆಲಸ ಸಿಕ್ತಿತ್ತು" ಎಂದು ಅಕ್ಕೋರು ಹಣೆ ಚಚ್ಚಿಕೊಂಡರು.

ಅವರ ಪಾಠದಲ್ಲಿ ಸೂತ್ರಗಳೇನೂ ಇರಲಿಲ್ಲ. ಕಂಡಲ್ಲಿ ಪ್ರಶ್ನೆ. ಸಂತೆಯ ದಿನ ಇಸಳೂರಿನ ಬಸ್ಸಿನಲ್ಲಿ ನಿಂತುಕೊಂಡು, "ಈ ಬಸ್ಸಲ್ಲಿ ಬಸಳೆ ಕಟ್ಟು ಎಷ್ಟಿದ್ದು ಹೇಳು ನೋಡನ" ಎಂದು ಶಾಲೆಯ ಧ್ವನಿಯಲ್ಲಿ ಕೇಳುತ್ತಿದ್ದರು. ಕೂತವರೆಲ್ಲ ತಮ್ಮ ತಮ್ಮ ಚೀಲವನ್ನು ಕಾಲಿನ ಹಿಂದೆ ಸರಿಸಿಕೊಳ್ಳುತ್ತಿದ್ದರು. "ನೋಡು, ಹ್ಯಾಂಗೆ ಮುಚ್ಚಿಡ್ತ! ಮುಚ್ಚಿಟ್ಟದ್ದನ್ನೂ ಸೇರಿಸಿ ಹೇಳು." ಸೊನ್ನೆ ಜಾಸ್ತಿಯಾದಾಗ ನಾನು ಕಂಗಾಲಾಗುತ್ತಿದ್ದೆ. ಆಗ, "ಸೊನ್ನೆಗೆ ಹೆದರಡ. ಅದು ಒಂದೇ ಇದ್ದಾಗ ಎಂತೂ ಮಾಡ್ತಿಲ್ಲೆ, ಬದಿಗೆ ಯಾರಿದ್ದ ಅದನ್ನ ನೋಡು" ಎನ್ನುತ್ತಿದ್ದರು. ಎಲ್ಲಕ್ಕಿಂತ ಕಷ್ಟದ ಪಾಠ ಕೊನೆಯದು. ಒಂದು ಸಂಖ್ಯೆ ಹೇಳು, ಹೇಳಿ ಬಾಯಿ ಮುಚ್ಚು. ನಾನು "ಎರಡು ಸಾವಿರ" ಎಂದರೆ ಬೆನ್ನಿಗೇ "ಅಷ್ಟಿರಲಿಕ್ಕಿಲ್ಲ" ಎಂದು ನಾಲಿಗೆ ತಾನೇ ಹೊರಳುತ್ತಿತ್ತು. ಅಕ್ಕೋರು ನನ್ನ ಬಾಯಿಗೆ ಒಂದು ಬೆಲ್ಲದ ಚೂರು ಹಾಕುತ್ತಿದ್ದರು. ಬೆಲ್ಲ ಕರಗುವವರೆಗೂ ಮಾತಾಡಬಾರದು.

ಎರಡನೆಯ ಸಂದರ್ಶನ ಯಲ್ಲಾಪುರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ. ಈ ಸಲ ನಾನು ಪೂರ್ತಿ ತಯಾರಾಗಿ ಹೋಗಿದ್ದೆ, ಕೇಳಿದ್ದಕ್ಕೆಲ್ಲ ಅಂದಾಜು ಮಾಡುವ ಹುರುಪಿನಲ್ಲಿದ್ದೆ. ಮೊದಲ ಪ್ರಶ್ನೆ, "ನಿಮ್ಮ ವಯಸ್ಸೆಷ್ಟು?"

"ಸುಮಾರು ಮೂವತ್ತು ಅಂತ ಹಿಡಿಯೋಣ ಸರ್."

"ಹಿಡಿಯೋದೇನು? ಎಷ್ಟು?"

"ಎಸ್ಸೆಸ್ಸೆಲ್ಸಿ ಮುಗಿಸುವಾಗ ಹದಿನಾರು ಅಂದರೆ, ಅಲ್ಲಿಂದ ಮುಂದೆ..." ಎಂದು ನಾನು ಗಾಳಿಯಲ್ಲಿ ಬರೆಯಲು ಕೈಯೆತ್ತಿದ್ದೆ.

ಅವರು ನನ್ನ ಮಾರ್ಕ್ಸ್ ಕಾರ್ಡನ್ನು ಎರಡೆರಡು ಸಲ ತಿರುಗಿಸಿ ನೋಡಿ ಕಳಿಸಿಕೊಟ್ಟರು. ಈ ಕತೆ ಕೇಳಿ ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ನಗಲಿಲ್ಲ. ನನಗೆ ಅಳು ಬಂತು, ಅವರೆದುರಿಗೇ ಅತ್ತುಬಿಟ್ಟೆ. ಅಂದು ಬೆಳಿಗ್ಗೆ ತಮ್ಮನ ಹೆಂಡತಿ, "ಅಕ್ಕಯ್ಯ, ಈ ಕೆಲಸ ಗಿಲಸ ಎಲ್ಲ ಎಂತಕ್ಕೆ? ಆರಾಮಾಗಿ ಇಲ್ಲೇ ಇದ್ರಾತು" ಎಂದು ಪ್ರೀತಿಯಿಂದಲೇ ಹೇಳಿದ್ದಳು. ಆ ಆರಾಮಿಗೆ ನಾನು ಹೆದರಿದ್ದೆ. ಅಕ್ಕೋರ ನಗು ನಿಂತಿತು. ಆಮೇಲೆ ಪಾಠ ಹೇಳುವ ಧ್ವನಿಯಲ್ಲಿ, "ಗೊತ್ತಿದ್ದದ್ದಕ್ಕೆ ಅಂದಾಜು ಬೇಡ. ಗೊತ್ತಿಲ್ಲದ್ದಕ್ಕೆ ನಾಚಿಕೆ ಬೇಡ. ಆತಾ? ಈಗ ಏಳು, ತೆಂಗಿನಕಾಯಿ ತುರಿ" ಎಂದರು.

ಮೂರನೆಯದು ಶಿರಸಿಯಲ್ಲೇ. ರೊಟ್ಟಿ, ಚಪಾತಿ, ಸಾರಿನಪುಡಿ, ಒಬ್ಬರಿಗಾಗುವಷ್ಟು ಪಲ್ಯ ಎಲ್ಲ ಪೊಟ್ಟಣ ಕಟ್ಟಿ ಮಾರುವ ಒಂದು ಹೊಸ ಕಂಪನಿ. ಮೂರು ತಾಲೂಕಿನ ಅಂಗಡಿ ಸುತ್ತಿ ಯಾವ ಊರಿಗೆ ಎಷ್ಟು ಮಾಲು ಬೇಕು ಎಂದು ಹೇಳುವ ಕೆಲಸ. ಎದುರಿಗೆ ಮೂವರು ಕೂತಿದ್ದರು. ನಡುವಿನವರು ಬೆಳ್ಳಿಕೂದಲಿನ ಹೆಂಗಸು. ಅವರೇ ಕೇಳಿದರು.

"ಶಿರಸಿ ಪೇಟೆಯಲ್ಲಿ, ಸುತ್ತಿನ ಊರುಗಳೂ ಸೇರಿ, ರಾತ್ರಿ ತಮಗೊಬ್ಬರಿಗೇ ಅಡಿಗೆ ಮಾಡಿಕೊಂಡು ಉಣ್ಣುವವರು ಎಷ್ಟು ಮಂದಿ ಇರಬಹುದು?"

ಚಹಾ ಕೇಳಿದ್ದರೆ, ಕನ್ನಡಕ ಕೇಳಿದ್ದರೆ ಗಿಳಿಪಾಠ ಒಪ್ಪಿಸಿಬಿಡುತ್ತಿದ್ದೆ. ಆದರೂ ಶುರುಮಾಡಿದೆ. ಎಲ್ಲ ಸೇರಿ ಎಪ್ಪತ್ತು ಸಾವಿರ ಜನ ಎಂದು ಹಿಡಿದೆ. ಮನೆಗೆ ನಾಲ್ವರಂತೆ ಹದಿನೇಳು ಸಾವಿರದ ಮೇಲೆ ಮನೆ. ನಮ್ಮ ಬೀದಿಯಲ್ಲಿ ಇಪ್ಪತ್ತು ಮನೆಗೆ ಒಂದರಲ್ಲಿ ಒಬ್ಬರೇ ಇದ್ದಾರೆ. ಎಲ್ಲ ಬೀದಿಯೂ ಹಾಗೇ ಎಂದು ಹಿಡಿದರೆ ಎಂಟುನೂರು ಚಿಲ್ಲರೆ. ಹಾಸ್ಟೆಲಿನ ಮಕ್ಕಳನ್ನು ಬಿಟ್ಟೆ, ಅವರಿಗೆ ಮೆಸ್ ಇದೆ. ವರ್ಗವಾಗಿ ಬಂದು ಕೋಣೆ ಹಿಡಿದ ಬ್ಯಾಂಕಿನವರು, ನರ್ಸುಗಳು, ಮಾಸ್ತರುಗಳು ಇನ್ನೊಂದು ಆರುನೂರು.

"ಒಂದೂವರೆ ಸಾವಿರ" ಎಂದೆ.

ಮೂವರೂ ಸುಮ್ಮನೆ ನನ್ನನ್ನೇ ನೋಡಿದರು. ಮೇಲೆ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. ಅಷ್ಟಿರಲಿಕ್ಕಿಲ್ಲ ಎಂಬ ಮಾತು ಹಲ್ಲಿನ ತನಕ ಬಂದು ನಿಂತಿತ್ತು. ನಾನು ಹಲ್ಲು ಕಚ್ಚಿ ಕೂತೆ.

"ಖಾತ್ರಿನಾ?" ಎಂದರು ಅವರು.

"ಖಾತ್ರಿ ಇಲ್ಲ ಮೇಡಂ. ಆದರೆ ಒಂದೂವರೆ ಸಾವಿರ."

"ಅಡಿಗೆಮನೆ ಹೊಕ್ಕು ನೋಡಿದವರ ಹಾಗೆ ಹೇಳ್ತೀರಲ್ಲ?"

"ಅದರಲ್ಲಿ ಒಬ್ಬರು ನನ್ನ ಟೀಚರು ಮೇಡಂ. ನೀವು ಕೆಲಸ ಕೊಟ್ಟರೆ ಬರುವ ತಿಂಗಳಿಂದ ನಾನೂ ಒಬ್ಬಳು. ಇಬ್ಬರನ್ನೂ ಸೇರಿಸಿದ್ದೇನೆ."

ಆ ಬೆಳ್ಳಿಕೂದಲಿನವರು ಮೊದಲ ಸಲ ನಕ್ಕರು. ಕೆಲಸ ಸಿಕ್ಕಿತು. ಅಲ್ಲೇ, ಆಗಲೇ ಹೇಳಿಬಿಟ್ಟರು.

ನಾನು ತಮ್ಮನ ಮನೆಗೆ ಹೋಗದೆ ನೆಟ್ಟಗೆ ಅಕ್ಕೋರ ಜಗುಲಿಗೆ ಹೋದೆ. ಅವರಿಗೆ ಕೆಲಸದ ಸುದ್ದಿಗಿಂತ ಲೆಕ್ಕದ ಚಿಂತೆ. ಒಂದೊಂದೇ ಮೆಟ್ಟಿಲು ಹೇಳಿಸಿದರು, ಗಾಳಿಯಲ್ಲಿ ಬರೆದುಕೊಂಡರು.

"ಹಾಸ್ಟೆಲಿನ ಮಕ್ಕಳ ಬಿಟ್ಯಾ? ಚೊಲೋ ಮಾಡ್ದೆ. ಎನ್ನ ಸೇರಿಸಿದ್ದೆಯಾ?"

"ಹೌದು ಅಕ್ಕೋರೆ."

"ನಿನ್ನ?"

"ನನ್ನನ್ನೂ."

ಅಕ್ಕೋರು ಬರೆದದ್ದನ್ನು ಅಂಗೈಯಿಂದ ಒರೆಸಿದರು. "ತಪ್ಪು. ಇಷ್ಟು ದಿನ ಇಬ್ಬರೂ ಇಲ್ಲೇ ಕೂತು ಉಂಡಿದ್ದು ಅಲ್ದ? ಇನ್ನು ಮುಂದೂ ಉಣ್ಣದು ಇಲ್ಲೇ. ಎರಡು ಕಳೆ." ಮತ್ತೆ ನನ್ನ ಮುಖ ನೋಡದೆ ಎದ್ದು ಒಳಗೆ ಹೋದರು. "ಕೈ ತೊಳ್ಕಂಡು ಬಾ, ಬಡಸ್ತೆ."

ಅದೇ ಬೀದಿಯಲ್ಲಿ ಒಂದು ಕೋಣೆ ಹಿಡಿದೆ. ಹಗಲೆಲ್ಲ ಸಿದ್ದಾಪುರ, ಮಂಚಿಕೇರಿ ಎಂದು ಅಂಗಡಿ ಸುತ್ತಿ ಬಂದರೆ ರಾತ್ರಿಯ ಊಟ ಅಕ್ಕೋರ ಮನೆಯಲ್ಲೇ. ನಾನು ಕೊಂಡಿಟ್ಟ ನಾಲ್ಕು ಪಾತ್ರೆ ಹೊಸದಾಗಿಯೇ ಉಳಿದವು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರು ಮಲಗಿದವರು ಏಳಲಿಲ್ಲ. ಈಗ ಪಾತ್ರೆಗಳನ್ನು ಇಳಿಸಿಕೊಂಡಿದ್ದೇನೆ. ಯಾವ ಊರಿಗೆ ಎಷ್ಟು ಪೊಟ್ಟಣ ಬೇಕೆಂದು ಕೇಳಿದರೆ ಕೂತಲ್ಲೇ ಹೇಳುತ್ತೇನೆ, ಕಂಪನಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಎಂಬ ಅಂದಾಜು ಮಾತ್ರ ನನಗಿನ್ನೂ ಸಿಕ್ಕಿಲ್ಲ. ದಿನಾ ಇಬ್ಬರಿಗಾಗುವಷ್ಟು ಅನ್ನ ಆಗುತ್ತದೆ.